ಬಿಳಿ ಕಾರು ಸೋತ ಭಾನುವಾರ

ಕಾಪುವಿನಿಂದ ಕಾರ್ಕಳದವರೆಗೆ ಯಾವ ಗ್ಯಾರೇಜಿನಲ್ಲಿ ಕೇಳಿದರೂ ಕತೆ ಒಂದೇ: ಹಸನಬ್ಬನವರ ಕೆಂಪು ಜಪಾನಿ ಕಾರು ವಿಲ್ಲಿಯವರ ಬಿಳಿ ಜರ್ಮನ್ ಕಾರನ್ನು ಐದು ನಿಮಿಷದ ಅಂತರದಲ್ಲಿ ಸೋಲಿಸಿತು, ಅವೆರಡನ್ನೂ ಒಂದು ಎಕ್ಸ್‌ಪ್ರೆಸ್ ಬಸ್ಸು ಸೋಲಿಸಿತು. ಹೇಳುವವರು ನಗುತ್ತಾರೆ, ಕೇಳುವವರು ನಗುತ್ತಾರೆ, ಚಹಾ ಮುಗಿಯುತ್ತದೆ. ನನ್ನ ಆಕ್ಷೇಪ ಇಷ್ಟೇ. ಆ ಎರಡು ಕಾರುಗಳು ಒಂದೇ ದಿನ ಓಡಲೇ ಇಲ್ಲ. ಬಸ್ಸು ಹಿಂದೆ ಹಾಕಿದ್ದು ಒಂದನ್ನು ಮಾತ್ರ, ಅದೂ ಗೆದ್ದದ್ದನ್ನು. ಇನ್ನು ಆ ಐದು ನಿಮಿಷದ ಲೆಕ್ಕವನ್ನು ಯಾರೂ ಬಿಡಿಸಿ ನೋಡಿಲ್ಲ. ಎರಡೂ ಸಲ ಸ್ಟಾಪ್‌ವಾಚ್ ಹಿಡಿದು ಕಾರಿನೊಳಗೆ ಕೂತಿದ್ದವಳು ನಾನು. ನನ್ನನ್ನು ಯಾರೂ ಕೇಳಿಲ್ಲ.

ನಾನು ಮಣಿಪಾಲದ ಒಂದು ಖಾಸಗಿ ವರ್ಕ್‌ಶಾಪಿನಲ್ಲಿ ಡಯಾಗ್ನೋಸ್ಟಿಕ್ ಇಂಜಿನಿಯರ್ ಆಗಿ ಸೇರಿ ಆಗ ಎರಡನೇ ವರ್ಷ. ಅಂದರೆ ಕಾರಿಗೆ ಜ್ವರ ಬಂದರೆ ಲ್ಯಾಪ್‌ಟಾಪ್ ಜೋಡಿಸಿ ಎಲ್ಲಿ ಬಂತು ಎಂದು ಹೇಳುವ ಕೆಲಸ. ಅದಕ್ಕೂ ಮುಂಚೆ ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚಾಸ್ಪರ್ಧೆ ಮಾಡಿದ್ದೆ. ಪರ ಮೂರು ನಿಮಿಷ, ವಿರೋಧ ಮೂರು ನಿಮಿಷ, ಗಂಟೆ ಬಾರಿಸಿದ ಮೇಲೂ ಒಂದು ವಾಕ್ಯ. ಆ ಅಭ್ಯಾಸ ಕೆಲಸಕ್ಕೂ ಬಂತು. ಗಿರಾಕಿ ‘ಕ್ಲಚ್ ಹೋಗಿದೆ’ ಎಂದರೆ ‘ಪುರಾವೆ ಏನು?’ ಎಂದು ಕೇಳುತ್ತಿದ್ದೆ. ಎಷ್ಟೋ ಗಿರಾಕಿಗಳು ಪುರಾವೆ ತರಲು ಹೋದವರು ವಾಪಸು ಬರಲಿಲ್ಲ.

ಇಂತಿಪ್ಪ ನನ್ನ ಮುಂದೆ ಮೇ ತಿಂಗಳ ಒಂದು ಮಧ್ಯಾಹ್ನ ಅರವತ್ತು ದಾಟಿದ ಇಬ್ಬರು ಬಂದು ಕೂತರು. ವಿಲ್ಲಿ, ಅಂದರೆ ವಿಲ್ಫ್ರೆಡ್, ಶಿರ್ವದ ಕಡೆಯ ಕೊಂಕಣಿ ಕ್ರಿಶ್ಚಿಯನ್. ಗಲ್ಫಿನಲ್ಲಿ ಮೂವತ್ತು ವರ್ಷ ಏಸಿ ಟೆಕ್ನಿಶಿಯನ್. ಹಸನಬ್ಬ ಕಾಪುವಿನ ಬ್ಯಾರಿ ಮುಸ್ಲಿಂ. ಗಲ್ಫಿನ ಅದೇ ಊರಿನಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ಅಷ್ಟೇ ವರ್ಷ. ಇಬ್ಬರೂ ಒಂದೇ ಕೋಣೆಯಲ್ಲಿ ಮೇಲಿನ ಮಂಚ ಕೆಳಗಿನ ಮಂಚ. ಊರಿಗೆ ಮರಳುವಾಗ ಉಳಿದವರು ಚಿನ್ನ ತಂದರೆ ಇವರು ತಲಾ ಒಂದು ಹಳೆಯ ಟರ್ಬೊ ಕಾರು ತಂದರು. ಕಸ್ಟಮ್ಸ್ ಕಾಗದಗಳು ಎರಡು ಫೈಲಿನಷ್ಟು ದಪ್ಪ ಇದ್ದವು, ಎರಡೂ ಸರಿ ಇದ್ದವು. ಆ ವಾದಕ್ಕೆ ನಾನು ಇಳಿಯುವುದಿಲ್ಲ.

ಟರ್ಬೊ ಎಂದರೇನೆಂದು ಗೊತ್ತಿಲ್ಲದವರಿಗೆ ಒಂದು ಮಾತು. ಸಾಮಾನ್ಯ ಇಂಜಿನ್ ತನಗೆ ಬೇಕಾದ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಫೋರ್ಸ್ಡ್ ಇಂಡಕ್ಷನ್ ಇರುವ ಇಂಜಿನ್ನಿಗೆ ಮದುವೆ ಮನೆಯಲ್ಲಿ ಬಡಿಸುವವರ ಹಾಗೆ ಬೇಡವೆಂದರೂ ಗಾಳಿಯನ್ನು ಒತ್ತಿ ತುಂಬಲಾಗುತ್ತದೆ. ಗಾಳಿ ಹೆಚ್ಚು, ಪೆಟ್ರೋಲು ಹೆಚ್ಚು, ಬಲ ಹೆಚ್ಚು. ಹೊರಗೆ ಹೋಗುವ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ ಈ ಒತ್ತಡ ಹುಟ್ಟಿಸುವ ಯಂತ್ರವೇ ಟರ್ಬೊ. ಆ ಒತ್ತಡಕ್ಕೆ ಬೂಸ್ಟ್ ಎಂದು ಹೆಸರು. ಹೊಗೆ ಸಾಕಷ್ಟು ಬರುವವರೆಗೆ ಚಕ್ರ ಏಳುವುದಿಲ್ಲ. ಕಾಲು ಒತ್ತಿದ ಮೇಲೆ ಬಲ ಬರುವವರೆಗಿನ ಆ ಕಾಯುವಿಕೆಗೆ ಟರ್ಬೊ ಲ್ಯಾಗ್ ಎನ್ನುತ್ತೇವೆ.

ವಿಲ್ಲಿಯವರ ಜರ್ಮನ್ ಕಾರು ಎಂಬತ್ತರ ದಶಕದ್ದು. ಇಂಜಿನ್ ಹಿಂದೆ, ಒಂದೇ ದೊಡ್ಡ ಟರ್ಬೊ. ಮೂರೂವರೆ ಸಾವಿರ ಆರ್‌ಪಿಎಮ್ ದಾಟುವವರೆಗೆ ನಿದ್ದೆ, ಆಮೇಲೆ ಬೆನ್ನಿಗೆ ಒದ್ದ ಹಾಗೆ. ಹಸನಬ್ಬನವರ ಜಪಾನಿ ಕಾರು ತೊಂಬತ್ತರ ದಶಕದ್ದು. ಇಂಜಿನ್ ಮುಂದೆ, ಎರಡು ಟರ್ಬೊ. ಒಂದು ಬೇಗ ಏಳುತ್ತದೆ, ಇನ್ನೊಂದು ಆಮೇಲೆ ಸೇರಿಕೊಳ್ಳುತ್ತದೆ. ವಿಲ್ಲಿಯವರ ಪ್ರಕಾರ ಕಾಯಿಸುವ ಕಾರಿಗೆ ಗಾಂಭೀರ್ಯವಿದೆ. ಹಸನಬ್ಬನವರ ಪ್ರಕಾರ ಕಾಯಿಸುವುದು ಸರಕಾರಿ ಕಚೇರಿಯ ಗುಣ, ಕಾರಿನದ್ದಲ್ಲ. ಮೇಲಿನ ಮಂಚಕ್ಕೂ ಕೆಳಗಿನ ಮಂಚಕ್ಕೂ ನಡುವೆ ವರ್ಷಗಟ್ಟಲೆ ನಡೆದ ವಾದ ಇದು.

ಈಗ ಅದಕ್ಕೆ ಗಡುವು ಬಂದಿತ್ತು. ಕಾಪುವಿನಲ್ಲಿ ಸಮುದ್ರದ ಉಪ್ಪುಗಾಳಿ ಹಸನಬ್ಬನವರ ಅಂಗಳದಲ್ಲಿ ನಿಂತ ಎರಡೂ ಕಾರುಗಳ ತಳವನ್ನು ತಿನ್ನುತ್ತಿತ್ತು. ಇನ್ನೊಂದು ಮಳೆಗಾಲ ಅಲ್ಲಿಟ್ಟರೆ ಎರಡೂ ಮುಗಿದಂತೆ. ಕಾರ್ಕಳದಲ್ಲಿ ಇಬ್ಬರಿಗೂ ಪರಿಚಯದ ಒಬ್ಬರ ಗೇರುಬೀಜದ ಗೋಡೌನ್ ಇತ್ತು, ಬೀಜ ಒಣಗಿರಬೇಕೆಂದು ಕಟ್ಟಿದ ಬೆಚ್ಚಗಿನ ಜಾಗ. ಮೂಟೆಗಳ ನಡುವೆ ಹಿಡಿಸುವುದು ಒಂದೇ ಕಾರು. ಹಾಗಾಗಿ ಒಪ್ಪಂದವಾಗಿತ್ತು: ಪರೀಕ್ಷೆಯಲ್ಲಿ ಗೆದ್ದ ಕಾರು ಗೋಡೌನಿಗೆ, ಅದಕ್ಕೆ ಇಬ್ಬರ ಕೈಯಲ್ಲೂ ಒಂದೊಂದು ಕೀ. ಸೋತ ಕಾರು ಕೊಚ್ಚಿಯ ಒಬ್ಬ ಸಂಗ್ರಾಹಕನಿಗೆ. ಅವನ ಲಾರಿ ತಿಂಗಳ ಕೊನೆಯ ಗುರುವಾರ ಬರುವುದೆಂದು ಗೊತ್ತಾಗಿತ್ತು. ತೀರ್ಪುಗಾರ್ತಿ ನಾನು.

ಇದನ್ನು ಹೇಳುವಾಗ ಹಸನಬ್ಬ ಕೆಂಪು ಕಾರಿನ ಕೀಯನ್ನು ಮುಷ್ಟಿಯೊಳಗೆ ಹಿಡಿದೇ ಇದ್ದರು, ಬೆರಳು ಬಿಳಿಚುವಷ್ಟು. ವಿಲ್ಲಿ ಮಾತ್ರ ನಮ್ಮ ಆಫೀಸಿನ ಏಸಿಯ ಸದ್ದು ಕೇಳಿಸಿಕೊಂಡು ಅರ್ಧಕ್ಕೇ ಎದ್ದು ಹೋಗಿ, ಅದರ ಹಿಂಬದಿ ಬಿಚ್ಚಿ, ಸರಿಮಾಡಿ, ಹೊರತೆಗೆದ ಹಳೆಯ ತಾಮ್ರದ ಕೊಳವೆಯ ತುದಿಯನ್ನು ಇಕ್ಕಳದಲ್ಲಿ ಚಪ್ಪಟೆ ಮಾಡಿ ಮುಚ್ಚಿದರು.

“ಪೈಪಿನ ಬಾಯಿ ತೆರೆದು ಬಿಡಬಾರದು ಮಾರಾಯ್ತಿ. ಗಾಳಿಯಲ್ಲಿ ನೀರುಂಟು, ಧೂಳುಂಟು.”

ಇದು ಬಿಸಾಡುವ ಕೊಳವೆ ಅಲ್ಲವೇ ಎಂದೆ. ಬಿಸಾಡುವುದಾದರೂ ಮುಚ್ಚಿಯೇ ಬಿಸಾಡಬೇಕು ಎಂದರು. ಈ ತರ್ಕವನ್ನು ನಾನು ಒಪ್ಪಲಿಲ್ಲ, ಆದರೆ ಏಸಿ ತಣ್ಣಗಾಯಿತು.

ಪರೀಕ್ಷೆಯ ನಿಯಮ ನಾನೇ ಬರೆದೆ. ಕಾಪುವಿನಿಂದ ಶಿರ್ವ, ಬೆಳ್ಮಣ್, ನಿಟ್ಟೆ ಮಾರ್ಗವಾಗಿ ಕಾರ್ಕಳ. ಬೆಳಿಗ್ಗೆ ಆರಕ್ಕೆ ಹೊರಡುವುದು, ಸತತ ಎರಡು ಭಾನುವಾರ, ವಾರಕ್ಕೊಂದು ಕಾರು, ವೇಗದ ಮಿತಿ ದಾಟುವಂತಿಲ್ಲ. ಒಟ್ಟು ಸಮಯದ ಜೊತೆಗೆ, ಬೂಸ್ಟ್ ಎಲ್ಲಿ ಎಷ್ಟು ಹುಟ್ಟಿತು ಎಂದು ನನ್ನ ಲ್ಯಾಪ್‌ಟಾಪು ದಾಖಲಿಸುವುದು. ಮಾಲೀಕರು ಓಡಿಸಿದರೆ ಪಕ್ಷಪಾತ; ಆದ್ದರಿಂದ ಎರಡಕ್ಕೂ ಒಬ್ಬನೇ ತಟಸ್ಥ ಚಾಲಕ. ಈ ನಿಯಮದ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು.

ತಟಸ್ಥ ಚಾಲಕರಾಗಿ ಬಂದವರು ಸುಧಾಕರಣ್ಣ. ಉಡುಪಿ–ಕಾರ್ಕಳ ಸುತ್ತಿನ ಖಾಸಗಿ ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಮೂವತ್ತು ವರ್ಷ ಸ್ಟಿಯರಿಂಗ್ ಹಿಡಿದು ನಿವೃತ್ತರಾದವರು. ನಮ್ಮ ಕಡೆಯ ಖಾಸಗಿ ಬಸ್ಸುಗಳ ವೇಗ ಬಲ್ಲವರಿಗೆ ಈ ಆಯ್ಕೆಯ ಔಚಿತ್ಯ ವಿವರಿಸಬೇಕಿಲ್ಲ. ನಾನು ಎಣಿಸದೆ ಬಿಟ್ಟದ್ದು ಒಂದೇ: ಮನುಷ್ಯ ನಿವೃತ್ತನಾದರೂ ರೂಟು ನಿವೃತ್ತವಾಗುವುದಿಲ್ಲ.

ಮೊದಲ ಭಾನುವಾರ ಕೆಂಪು ಕಾರು. ಗಲ್ಫಿನ ಗಾಡಿಗಳಾದ್ದರಿಂದ ಎರಡರದ್ದೂ ಸ್ಟಿಯರಿಂಗ್ ಎಡಕ್ಕೆ. ನಾನು ಬಲಬದಿಯಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಕೂತಿದ್ದೆ. ಕಾಪು ಬಿಟ್ಟ ಕೂಡಲೇ ತಿಳಿಯಿತು, ನನ್ನ ಶತ್ರು ಲ್ಯಾಗ್ ಅಲ್ಲ, ಹಂಪ್. ದೇವಸ್ಥಾನದ ಮುಂದೊಂದು, ಇಗರ್ಜಿಯ ಮುಂದೊಂದು, ಮಸೀದಿಯ ಮುಂದೊಂದು, ಯಾವ ಧರ್ಮವೂ ಇಲ್ಲದ ತಿರುವಿನಲ್ಲಿ ಎರಡು. ಕಾರ್ಕಳದವರೆಗೆ ಮೂವತ್ತೆಂಟು ಎಣಿಸಿದೆ. ಮೊದಲ ಟರ್ಬೊ ಎದ್ದು ಕಣ್ಣುಜ್ಜುವಷ್ಟರಲ್ಲಿ ಹಂಪ್; ಎರಡನೆಯದಕ್ಕೆ ಏಳುವ ಅವಕಾಶವೇ ಇಲ್ಲ. ಇದು ಸಾಲದೆಂಬಂತೆ ಸುಧಾಕರಣ್ಣ ಪ್ರತಿ ಬಸ್ ಸ್ಟಾಪಿಗೂ ಕಾಲು ಸಡಿಲ ಬಿಡುತ್ತಿದ್ದರು. ಯಾಕೆ ಎಂದರೆ ‘ಸುಮ್ಮನೆ ನೋಡಿದ್ದು’ ಎನ್ನುತ್ತಿದ್ದರು.

ಬೆಳ್ಮಣ್ ದಾಟಿದ ಮೇಲೆ ಒಂದು ಒಳ್ಳೆಯ ನೇರ ರಸ್ತೆ. ಬೂಸ್ಟ್ ಮುಳ್ಳು ಮೊದಲ ಬಾರಿ ಏರಿ 0.6 ಬಾರ್ ತೋರಿಸಿತು. ಅಷ್ಟರಲ್ಲಿ ಹಿಂದಿನಿಂದ ಹಾರ್ನ್. ಸುಧಾಕರಣ್ಣ ಕನ್ನಡಿ ನೋಡಿದರು, ಕೈಗಡಿಯಾರ ನೋಡಿದರು, ಎರಡು ಟರ್ಬೊ ಇರುವ ಕಾರನ್ನು ಮೆಲ್ಲಗೆ ಮಣ್ಣಿಗೆ ಇಳಿಸಿ ನಿಲ್ಲಿಸಿದರು. ಎಕ್ಸ್‌ಪ್ರೆಸ್ ಬಸ್ಸು ಧೂಳೆಬ್ಬಿಸಿ ಹೋಯಿತು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತಾ ಇವರಿಗೊಂದು ಸಲಾಮು ಹೊಡೆದ.

“ಯಾಕೆ ನಿಲ್ಲಿಸಿದ್ದು?” ಎಂದೆ.

“ಇದು ಅವನ ಟೈಮು. ಅವನ ಟೈಮಲ್ಲಿ ನಾವು ಮುಂದೆ ಹೋಗಬಾರದು.”

ಖಾಸಗಿ ಬಸ್ಸುಗಳಲ್ಲಿ ಪ್ರತಿ ಗಾಡಿಗೂ ನಿಮಿಷ ಗೊತ್ತುಮಾಡಿರುತ್ತಾರೆ. ಇನ್ನೊಬ್ಬನ ನಿಮಿಷದಲ್ಲಿ ಅವನ ಮುಂದೆ ಓಡಿದರೆ ಅವನ ಪ್ರಯಾಣಿಕರನ್ನು ಕದ್ದ ಹಾಗೆ, ಸ್ಟ್ಯಾಂಡಿನಲ್ಲಿ ಜಗಳವಾಗುತ್ತದೆ. ನಾವು ಪ್ರಯಾಣಿಕರನ್ನು ಹತ್ತಿಸಿಕೊಳ್ಳುತ್ತಿಲ್ಲವಲ್ಲ ಎಂದು ನಾನು ಮೂರು ರೀತಿಯಲ್ಲಿ ವಾದಿಸಿದೆ. ಅವರು ತಲೆಯಾಡಿಸುತ್ತಾ, ಬಸ್ಸಿಗೆ ನ್ಯಾಯವಾದ ಅಂತರ ಸಿಗುವವರೆಗೆ ಕಾದರು. ಎರಡು ನಿಮಿಷ ಹತ್ತು ಸೆಕೆಂಡು. ಕಾರ್ಕಳ ತಲುಪಿದಾಗ ಒಟ್ಟು ನಲವತ್ತನಾಲ್ಕು ನಿಮಿಷ.

ಎರಡನೇ ಭಾನುವಾರ ಬಿಳಿ ಕಾರು. ಈ ಸಲ ಬಸ್ಸಿನ ಸಮಯ ತಪ್ಪಿಸಲು ಹತ್ತು ನಿಮಿಷ ಮುಂಚೆಯೇ ಹೊರಟೆವು. ಶಿರ್ವಕ್ಕೆ ಮೊದಲಿನ ಒಂದು ಸ್ಟಾಪಿನಲ್ಲಿ ಎರ್ಮಾಳಿನ ಗಿರಿಜಕ್ಕ ಮೀನಿನ ಬುಟ್ಟಿ ಇಟ್ಟುಕೊಂಡು ನಿಂತಿದ್ದರು. ಮೊಗವೀರ ಹೆಂಗಸು, ಎಪ್ಪತ್ತರ ಹತ್ತಿರ. ಆಕೆ ಕೈ ಅಡ್ಡ ಹಿಡಿದರು. ಸುಧಾಕರಣ್ಣ ಎಂದಿನಂತೆ ಕಾಲು ಸಡಿಲಿಸಿದರು. ಆದರೆ ಎಂದಿನಂತೆ ಮುಂದೆ ಹೋಗಿಬಿಡಲು ಆಗಲಿಲ್ಲ.

ಇಲ್ಲಿ ನನ್ನ ನಿಯಮದ ತೂತು ಬಯಲಾಯಿತು. ಬಸ್ಸಿನಲ್ಲಿ ಡ್ರೈವರು ಬಲಕ್ಕೆ, ಸ್ಟಾಪು ಎಡಕ್ಕೆ. ಯಾರನ್ನು ಹತ್ತಿಸಬೇಕು, ಯಾರನ್ನು ಬಿಡಬೇಕು ಎನ್ನುವುದು ಎಡಬಾಗಿಲಿನ ಕಂಡಕ್ಟರನ ಪಾಪಪುಣ್ಯ. ಮೂವತ್ತು ವರ್ಷ ಸುಧಾಕರಣ್ಣ ಸೀಟಿ ಕೇಳಿದರೆ ನಿಲ್ಲಿಸಿದರು, ಸೀಟಿ ಕೇಳಿದರೆ ಹೊರಟರು. ಸ್ಟಾಪಿನಲ್ಲಿ ಉಳಿದುಹೋದವರ ಮುಖ ನೋಡಿದವರಲ್ಲ. ಈಗ ಸ್ಟಿಯರಿಂಗ್ ಎಡಕ್ಕೆ. ಗಿರಿಜಕ್ಕನ ಮುಖ ನೇರ ಅವರ ಕಿಟಕಿಯಲ್ಲಿ, ಒಂದು ಗೇಣು ದೂರದಲ್ಲಿ. ಸೀಟಿ ಊದುವವರು ಯಾರೂ ಇಲ್ಲ.

“ಬಿಳಿ ಕಾರು ಅಂತ ಹೇಳಿದ್ರು. ಇದೇ ಅಲ್ವಾ?” ಎಂದರು ಗಿರಿಜಕ್ಕ.

ಇನ್ಯಾವುದೋ ಬಾಡಿಗೆ ಕಾರಿಗೆ ಕಾಯುತ್ತಿದ್ದಾರೆ ಎಂದು ನಾನು ಅಂದುಕೊಂಡೆ, ಹಾಗೆ ಹೇಳಲೂ ಬಾಯಿ ತೆರೆದೆ. ಅಷ್ಟರಲ್ಲಿ ಸುಧಾಕರಣ್ಣ ಇಳಿದು ಸೀಟು ಮಡಚಿಯಾಗಿತ್ತು. ಆ ಕಾರಿನ ಹಿಂದಿನ ಸೀಟು ಮಕ್ಕಳಿಗೂ ಸಾಲದು. ಆಕೆ ಅಡ್ಡಡ್ಡವಾಗಿ ಕೂತು ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡರು. ಬೆನ್ನ ಹಿಂದೆಯೇ ಇಂಜಿನ್. ಎರಡು ಕಿಲೋಮೀಟರಿಗೆ ಐಸು ಕರಗಲು ಶುರುವಾಯಿತು. ಬಂಗುಡೆಯ ನೀರು ಜರ್ಮನ್ ಚರ್ಮದ ಸೀಟಿನ ಮೇಲೆ ಇಳಿಯಿತು. ಸೀಟು ಯಾಕೆ ಇಷ್ಟು ಬಿಸಿ, ಒಳಗೆ ಒಲೆ ಉಂಟಾ ಎಂದು ಆಕೆ ವಿಚಾರಿಸಿದರು. ಬೆಳ್ಮಣ್ ಪೇಟೆಯಲ್ಲಿ ಇಳಿಯುವಾಗ ಸುಧಾಕರಣ್ಣನಿಗೆ ನಾಲ್ಕು ಬಂಗುಡೆ ಕೊಡಲು ಹೋದರು. ಬೇಡ, ತಗೊಳ್ಳಿ, ಬೇಡ, ತಗೊಳ್ಳಿ ಎಂಬ ಮರ್ಯಾದೆ ಬೇರೆ ನಡೆಯಿತು. ಹತ್ತಿಸಿದ್ದು, ಇಳಿಸಿದ್ದು, ಮರ್ಯಾದೆ ಎಲ್ಲ ಸೇರಿ ನಾಲ್ಕು ನಿಮಿಷ ಮೂವತ್ತು ಸೆಕೆಂಡು. ಕಾರ್ಕಳ ತಲುಪಿದಾಗ ನಲವತ್ತೊಂಬತ್ತು ನಿಮಿಷ, ಕಾರಿನ ತುಂಬ ಮೀನು ಮಾರುಕಟ್ಟೆ.

ಊರಿನವರು ಹೇಳುವ ಐದು ನಿಮಿಷ ಇದೇ. ಬಸ್ಸಿನ ನಿಮಿಷಗಳನ್ನು ಕೆಂಪು ಕಾರಿನಿಂದಲೂ ಬಂಗುಡೆಯ ನಿಮಿಷಗಳನ್ನು ಬಿಳಿ ಕಾರಿನಿಂದಲೂ ಕಳೆದರೆ ಉಳಿಯುವ ಅಂತರ ಎರಡು ನಿಮಿಷ ನಲವತ್ತು ಸೆಕೆಂಡು. ನನ್ನ ತಲೆಬಿಸಿಗೆ ಅದೂ ಕಾರಣವಲ್ಲ. ಬೆಳ್ಮಣ್ ದಾಟಿದ ಅದೇ ನೇರ ರಸ್ತೆಯಲ್ಲಿ, ಮುಂದೆ ಬಸ್ಸೂ ಇಲ್ಲ ಹಿಂದೆ ಮೀನೂ ಇಲ್ಲ ಎಂಬ ಹೊತ್ತಿನಲ್ಲಿ, ಸುಧಾಕರಣ್ಣ ಪೆಡಲನ್ನು ನೆಲಕ್ಕೆ ಒತ್ತಿದ್ದರು. ಇಂಜಿನ್ ನಾಲ್ಕು ಸಾವಿರ ದಾಟಿತ್ತು. ಬೂಸ್ಟ್ ಸೊನ್ನೆ. ಲ್ಯಾಗ್ ಎಂದರೆ ತಡವಾಗಿ ಬರುವುದು. ಇದು ಬರಲೇ ಇಲ್ಲ.

ಸೋಮವಾರ ಬಿಳಿ ಕಾರನ್ನು ಮಣಿಪಾಲಕ್ಕೆ ತರಿಸಿ ಬಿಚ್ಚಿದೆ. ಟರ್ಬೊಗೆ ವೇಸ್ಟ್‌ಗೇಟ್ ಎಂಬ ಕವಾಟ ಇರುತ್ತದೆ. ಒತ್ತಡ ಅತಿಯಾದಾಗ ಅದು ತೆರೆದು ಹೊಗೆಯನ್ನು ಟರ್ಬೊ ಮುಟ್ಟದ ಅಡ್ಡದಾರಿಗೆ ಬಿಡುತ್ತದೆ. ಉಳಿದ ಹೊತ್ತು ಒಂದು ಸ್ಪ್ರಿಂಗ್ ಅದನ್ನು ಮುಚ್ಚಿ ಹಿಡಿದಿರುತ್ತದೆ. ಇಲ್ಲಿ ಸ್ಪ್ರಿಂಗ್ ಇರಲಿಲ್ಲ. ಅದನ್ನು ತೆಗೆದು, ಕವಾಟ ಮುಚ್ಚದಂತೆ ಬೆಣೆಯ ಹಾಗೆ ಒಂದು ತುಂಡು ಸಿಕ್ಕಿಸಲಾಗಿತ್ತು. ಕೆಂಪು ಕಾರಿನ ಕಡೆಯವರು ಮೋಸ ಮಾಡಿದ್ದಾರೆ ಎಂಬ ವಾದ ನನ್ನ ತಲೆಯಲ್ಲಿ ಆಗಲೇ ಪೀಠಿಕೆ ಮುಗಿಸಿ ಎರಡನೇ ಅಂಶಕ್ಕೆ ಬಂದಿತ್ತು. ಆಗ ಆ ತುಂಡನ್ನು ಬೆಳಕಿಗೆ ಹಿಡಿದೆ. ಕಿರುಬೆರಳಿನುದ್ದದ ತಾಮ್ರದ ಕೊಳವೆ. ಎರಡೂ ತುದಿಗಳನ್ನು ಇಕ್ಕಳದಲ್ಲಿ ಒಪ್ಪವಾಗಿ ಚಪ್ಪಟೆ ಮಾಡಿ ಮುಚ್ಚಲಾಗಿತ್ತು. ಒಳಗೆ ನೀರು ಹೋಗದಂತೆ, ಧೂಳು ಹೋಗದಂತೆ.

ತುಂಡನ್ನು ಒರೆಸಿ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ.

ಮರುದಿನ ವಿಲ್ಲಿ ಒಬ್ಬರನ್ನೇ ಕರೆಸಿ ತುಂಡನ್ನು ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಅದನ್ನು ತಿರುಗಿಸಿ ನೋಡಿದರು. ಮಾಡಿದವನು ಕೆಲಸ ಕಲಿತವನು ಎಂದರು, ಮುಖದಲ್ಲಿ ಒಂದು ಗೆರೆಯೂ ಅಲುಗದೆ. ಪರೀಕ್ಷೆ ಅಸಿಂಧು, ಸ್ಪ್ರಿಂಗ್ ಹಾಕಿ, ಲಾರಿಯನ್ನು ಮುಂದಕ್ಕೆ ಹಾಕಿಸಿ, ಮೂರನೇ ಭಾನುವಾರ ಮತ್ತೆ ಓಡಿಸುತ್ತೇನೆ, ಬಿಳಿ ಕಾರು ಗೆಲ್ಲುವ ಸಾಧ್ಯತೆ ಇದೆ ಎಂದೆ. ಅವರು ಕೊಳವೆಯನ್ನು ಮೆಲ್ಲಗೆ ಕೆಳಗಿಟ್ಟರು.

“ನಿಮ್ಮ ಡಿಬೇಟಲ್ಲಿ ಒಬ್ಬ ಎದ್ದು ನಿಂತು, ಆಚೆಯವರು ಹೇಳಿದ್ದೇ ಸರಿ ಅಂದ್ರೆ ಎಂತ ಮಾಡ್ತಾರೆ?”

“ಹಾಗೆ ಯಾರೂ ಹೇಳುವುದಿಲ್ಲ.”

“ಹಾಗಾದ್ರೆ ಅದಕ್ಕೆ ರೂಲೇ ಇಲ್ಲ ಅಲ್ವಾ?”

ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. ಹಸನ್‌ಗೆ ರಾತ್ರಿ ತಲೆದಿಂಬಿನಡಿ ಆ ಕೆಂಪು ಕಾರಿನ ಕೀ ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ, ಕೆಳಗಿನ ಮಂಚದಲ್ಲಿ ಮಲಗಿದವನಿಗೆ ಅದು ಗೊತ್ತಿರುತ್ತದೆ ಎಂದಷ್ಟೇ ಹೇಳಿದರು.

ಆದರೂ ವರದಿಯಲ್ಲಿ ನಾನು ಸುಳ್ಳು ಬರೆಯಲಿಲ್ಲ. ‘ಪರೀಕ್ಷೆಯ ದಿನ ಬಿಳಿ ಕಾರಿನ ಟರ್ಬೊ ಕೆಲಸ ಮಾಡುತ್ತಿರಲಿಲ್ಲ’ ಎಂದು ಬರೆದೆ. ಯಾರಿಂದ ಎಂದು ಬರೆಯಲಿಲ್ಲ. ಅದನ್ನು ನನ್ನ ಉಪಕರಣ ಅಳೆದಿರಲಿಲ್ಲ. ಬುಧವಾರ ಇಬ್ಬರನ್ನೂ ಕೂರಿಸಿ ಓದಿ ಹೇಳಿದೆ. ಆಮೇಲೆ ನಡೆದದ್ದು ನಾನು ಕೇಳಿದ ಅತ್ಯಂತ ವಿಚಿತ್ರ ಚರ್ಚೆ. ಹಸನಬ್ಬ ಎದ್ದು ನಿಂತು, ಇದು ನ್ಯಾಯವಲ್ಲ, ಜರ್ಮನ್ ಗಾಡಿಗೆ ಇನ್ನೊಂದು ಅವಕಾಶ ಕೊಡಬೇಕು, ಅದರ ಗಾಂಭೀರ್ಯವೇ ಬೇರೆ ಎಂದು ವಾದಿಸಿದರು. ವಿಲ್ಲಿಯವರದ್ದು ವಿರೋಧ: ಹಳೇ ಕಾರು, ಕೈಕೊಡುವುದೇ ಅದರ ಗುಣ, ಜಪಾನಿನವರ ಕೆಲಸಕ್ಕೆ ಸಾಟಿ ಇಲ್ಲ. ಮೂವತ್ತು ವರ್ಷ ಒಂದೊಂದು ಪಕ್ಷ ಹಿಡಿದವರು ಅರ್ಧ ಗಂಟೆಯಲ್ಲಿ ಪಕ್ಷ ಬದಲಾಯಿಸಿ, ಒಬ್ಬರ ಮಾತನ್ನೇ ಇನ್ನೊಬ್ಬರು ಕದ್ದು ಜಗಳವಾಡಿದರು. ಕೊನೆಗೆ ವಿಲ್ಲಿ ಗೆದ್ದರು. ನನಗೆ ತಿಳಿದಂತೆ ಹಸನಬ್ಬನವರ ಎದುರು ಅವರ ಮೊದಲ ಗೆಲುವು.

ಅವರು ಹೋದ ಮೇಲೆ ಮೇಜು ನೋಡಿದರೆ ಹಿಂದಿನ ದಿನದಿಂದ ಅಲ್ಲೇ ಇದ್ದ ತಾಮ್ರದ ತುಂಡು ಇರಲಿಲ್ಲ. ವಿಲ್ಲಿ ಪುರಾವೆ ನಾಶ ಮಾಡಿದರು ಎಂದುಕೊಂಡೆ.

ಗುರುವಾರ ಲಾರಿ ಬರುವ ಮೊದಲು ನಾನು ಸ್ಪ್ರಿಂಗ್ ಹಾಕಿ ಕೊಟ್ಟೆ. ಮಣಿಪಾಲದಿಂದ ಕಾಪುವಿಗೆ ವಿಲ್ಲಿಯೇ ಓಡಿಸಿದರು, ನಾನು ಪಕ್ಕದಲ್ಲಿ. ಕಟಪಾಡಿ ದಾಟಿದ ಮೇಲೆ ಹೆದ್ದಾರಿ ಖಾಲಿ ಸಿಕ್ಕಿತು. ಕೆಳಗಿನ ಗೇರಿನಲ್ಲಿ ಅವರು ಕಾಲು ಒತ್ತಿದರು. ಒಂದು, ಎರಡು, ಮೂರು ಎಂದು ನಾನು ಎಣಿಸುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಬೆನ್ನು ಸೀಟಿಗೆ ಅಂಟಿತು, ಮುಳ್ಳು 0.8ಕ್ಕೆ ಹೋಗಿ ನಿಂತಿತು. “ಉಂಟು, ಉಂಟು” ಎಂದರು, ನನಗಲ್ಲ, ಕಾರಿಗೆ. ಮುಂದಿನ ಬ್ಯಾರಿಕೇಡಿನವರೆಗೆ ಅಷ್ಟೇ. ಲಾರಿಗೆ ಹತ್ತಿಸುವಾಗ ಕೊಚ್ಚಿಯವನು ಮೂಗು ಹಿಡಿದುಕೊಂಡು ಇದೇನು ವಾಸನೆ ಎಂದ. ಬಂಗುಡೆ ಎಂದು ವಿಲ್ಲಿ ಸೀದಾ ಉತ್ತರ ಕೊಟ್ಟರು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಚರ್ಚೆಯಲ್ಲಿ ಎರಡೂ ಕಡೆಯವರಿಗೆ ಗೆಲ್ಲುವ ಆಸೆ ಇದೆ ಎಂದು ಹಿಡಿದುಕೊಂಡೇ ಶುರು ಮಾಡುತ್ತೇವೆ. ಅದನ್ನು ಯಾರೂ ಸಾಬೀತು ಮಾಡುವುದಿಲ್ಲ. ನಾನು ಚಾಲಕನ ಪಕ್ಷಪಾತ ತಡೆದೆ, ರಸ್ತೆ ಒಂದೇ ಇಟ್ಟೆ, ಹೊರಡುವ ಗಳಿಗೆ ಬರೆದಿಟ್ಟೆ. ಆ ಒಂದು ಊಹೆಯನ್ನು ಪರೀಕ್ಷಿಸಲಿಲ್ಲ. ಈಗ ಎರಡು ವಾಹನ ಹೋಲಿಸಿ ಕೊಡಿ ಎಂದು ಬರುವವರಿಗೆ ನಾನು ಕೊಡುವ ಫಾರ್ಮಿನಲ್ಲಿ ಮಾಡೆಲ್, ವರ್ಷ, ಇಂಜಿನ್ ನಂಬರಿಗಿಂತ ಮೊದಲು ಒಂದು ಸಾಲು ಇದೆ: ‘ನಿಮ್ಮ ವಾಹನ ಗೆಲ್ಲಬೇಕೆಂದು ನಿಮಗೆ ನಿಜವಾಗಿ ಇದೆಯೇ?’ ಹೆಚ್ಚಿನವರು ನಗುತ್ತಾರೆ. ಕೆಲವರು ಆ ಸಾಲನ್ನು ಖಾಲಿ ಬಿಟ್ಟು ಇಂಜಿನ್ ನಂಬರ್ ತುಂಬುತ್ತಾರೆ.

ಮಳೆಗಾಲ ಕಳೆದ ಮೇಲೆ ಕೆಂಪು ಕಾರಿನ ತಪಾಸಣೆಗೆ ಕಾರ್ಕಳದ ಗೋಡೌನಿಗೆ ಹೋದೆ. ಗೇರುಬೀಜದ ಮೂಟೆಗಳ ನಡುವೆ ಅದು ಒಂದು ಚುಕ್ಕೆ ತುಕ್ಕಿಲ್ಲದೆ ನಿಂತಿತ್ತು. ಹಸನಬ್ಬ ಕೀ ಕೊಟ್ಟರು. ಕೀಗೊಂಚಲಿನಲ್ಲಿ, ಒಂದು ತೂತು ಕೊರೆದು ಪೋಣಿಸಿದ್ದ, ಕಿರುಬೆರಳಿನುದ್ದದ ತಾಮ್ರದ ತುಂಡು ನೇತಾಡುತ್ತಿತ್ತು. ನಾನು ಅದನ್ನು ನೋಡಿದ್ದನ್ನು ಅವರು ನೋಡಿದರು.

“ಮೂವತ್ತು ವರ್ಷ ಸ್ಪೇರ್ ಪಾರ್ಟ್ಸ್ ಮಾರಿದ್ದೇನೆ. ಇದಕ್ಕೆ ಪಾರ್ಟ್ ನಂಬರ್ ಇಲ್ಲ ಮೇಡಂ” ಎಂದು ಹೇಳಿ, ಚಹಾ ತರಿಸುವ ನೆಪದಲ್ಲಿ ಹೊರಗೆ ಹೋದರು.

ವಿಲ್ಲಿ ಆಗಲೇ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡಿದ್ದರು. ನಾನು ಕೀ ತಿರುಗಿಸಿದೆ. ಇಂಜಿನ್ ಒಂದೇ ಸಲಕ್ಕೆ ಹಿಡಿಯಿತು. ತಿಂಗಳುಗಳಿಂದ ನನ್ನ ತಲೆಯಲ್ಲಿ ಕೊರೆಯುತ್ತಿದ್ದ ಒಂದು ವಾಕ್ಯ ಇತ್ತು, ಶಿರ್ವಕ್ಕೆ ಮೊದಲಿನ ಆ ಸ್ಟಾಪಿನಲ್ಲಿ ಕಿಟಕಿಯ ಹೊರಗಿನಿಂದ ಕೇಳಿದ್ದು: ‘ಬಿಳಿ ಕಾರು ಅಂತ ಹೇಳಿದ್ರು.’ ಗಿರಿಜಕ್ಕ ಬೇರೆ ಕಾರಿಗೆ ಕಾಯುತ್ತಿದ್ದರೆ, ಹತ್ತಿದ ಮೇಲೆ ಇದಲ್ಲ ಎಂದು ಒಮ್ಮೆಯಾದರೂ ಅನ್ನಬೇಕಿತ್ತಲ್ಲ.

“ವಿಲ್ಲಿಯಣ್ಣ, ವೇಸ್ಟ್‌ಗೇಟ್ ನಿಮ್ಮ ಕೈಕೆಲಸ, ಅದು ಇತ್ಯರ್ಥವಾಯಿತು” ಎಂದೆ. ಅವರು ಕಿಟಕಿಯಾಚೆ ಮೂಟೆಗಳನ್ನು ಒಂದೊಂದಾಗಿ ಎಣಿಸುವವರ ಹಾಗೆ ನೋಡುತ್ತಿದ್ದರು. “ಅದೊಂದು ಸಾಲದು ಅಂತ, ಬಿಳಿ ಕಾರು ಬರ್ತದೆ ಎಂದು ಹೇಳಿ ಗಿರಿಜಕ್ಕನನ್ನು ಆ ಸ್ಟಾಪಿನಲ್ಲಿ ನಿಲ್ಲಿಸಿದ್ದೂ ನೀವೇನಾ?”